ಬಿದ್ದರೆ ಏನು? ನಮ್ಮ ಮೊದಲ ಬೈಕಿನ ಚರಿತ್ರೆಯಲ್ಲಿ ಕೇಳದೇ ಉಳಿದ ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಬಳ್ಳಾರಿಯಿಂದ ಮಾತಾಡ್ತಾ ಇದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡೋ ಊರಲ್ಲ ಇದು. ನಮ್ಮಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನೋ ಮಾತು ನಿಮಗೂ ಗೊತ್ತಿರುತ್ತೆ.

ಹೋದ ತಿಂಗಳು ಕುರುಗೋಡಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ವಯಸ್ಸು ಹತ್ತೊಂಬತ್ತು. ದಿನಾ ಬಸ್ಸಲ್ಲಿ ಬಳ್ಳಾರಿಗೆ ಕಾಲೇಜಿಗೆ ಬಂದು ಹೋಗ್ತಾನೆ, ಒಂದು ಕಡೆಗೆ ಸುಮಾರು 30 ಕಿಲೋಮೀಟರ್. ಅಪ್ಪ ಕೊಟ್ಟದ್ದು, ಅಜ್ಜಿ ಕೊಟ್ಟದ್ದು, ತಾನೇ ಕೂಡಿಟ್ಟದ್ದು ಎಲ್ಲಾ ಸೇರಿ ಕೈಯಲ್ಲಿ 1,20,000 ರೂಪಾಯಿ. "ಅಣ್ಣಾ, ಯಾವ ಗಾಡಿ ತಗೊಳ್ಳಲಿ?" ಅಂದ. ನಾನು ಕೇಳಿದೆ, ಹೆಲ್ಮೆಟ್ಟಿಗೆ ಎಷ್ಟು ಇಟ್ಟೀಯಪ್ಪ? ಒಂದು ಗಳಿಗೆ ಸುಮ್ಮನಾದ. ಆಮೇಲೆ ಅಂದ, "ಅದು ಶೋರೂಮಿನವ್ರೇ ಕೊಡ್ತಾರಲ್ಲಣ್ಣ."

ಈ ಒಂದು ಮಾತಿನ ಹಿಂದೆ ಎಪ್ಪತ್ತು ವರ್ಷದ ಚರಿತ್ರೆ ಇದೆ. ಇವತ್ತಿನ ಸಂಚಿಕೆ ಅದರ ಬಗ್ಗೆ. ಯಾವ ಬೈಕ್ ಒಳ್ಳೇದು ಅನ್ನೋ ಪಟ್ಟಿ ಇಲ್ಲಿ ಸಿಗಲ್ಲ. ನಾವು ಮೊದಲ ಬೈಕನ್ನ ಹೇಗೆ ಆರಿಸ್ತಾ ಬಂದ್ವಿ, ಮೈ ಕಾಯೋ ಸಾಮಾನು ನಮ್ಮ ಹತ್ತಿರ ಹೇಗೆ ಬಂತು, ಇವೆರಡೂ ಯಾಕೆ ಬೇರೆ ಬೇರೆ ದಾರಿಯಲ್ಲಿ ಬಂದ್ವು, ಅದನ್ನ ನೋಡೋಣ. ಕೊನೆಗೆ ಆ ಹುಡುಗನ 1,20,000ದ ಲೆಕ್ಕಕ್ಕೂ ಬರ್ತೀನಿ. ಬಿಕಾಂ ಓದಿದವನು, ಲೆಕ್ಕ ಮುಗಿಸದೆ ಬಿಡಲ್ಲ.

ಮೊದಲು ಒಂದು ದೃಶ್ಯ. ಬಳ್ಳಾರಿಯ ಕನಕದುರ್ಗಮ್ಮನ ಗುಡಿ ಮುಂದೆ ಮಂಗಳವಾರವೋ ಶುಕ್ರವಾರವೋ ಬೆಳಿಗ್ಗೆ ನಿಂತು ನೋಡಿ. ಹೊಸ ಬೈಕ್ ಬಂದಿರುತ್ತೆ. ಹೂವಿನ ಹಾರ, ಅರಿಶಿನ ಕುಂಕುಮ, ತೆಂಗಿನಕಾಯಿ, ಚಕ್ರದ ಕೆಳಗೆ ನಿಂಬೆಹಣ್ಣು. ಕುರುಗೋಡಿನಲ್ಲಾದ್ರೆ ದೊಡ್ಡಬಸವೇಶ್ವರನ ಮುಂದೆ ಇದೇ ಪೂಜೆ. ಆಯುಧ ಪೂಜೆ ದಿನ ಓಣಿಗೆ ಓಣಿನೇ ಇದನ್ನ ಮಾಡುತ್ತೆ. ಎಲ್ಲೂ ಹೆಲ್ಮೆಟ್ಟಿಗೆ ಕುಂಕುಮ ಹಚ್ಚಿದ್ದನ್ನ ನಾನು ನೋಡಿಲ್ಲ. ಅದು ಮನೇಲಿ ಮೊಳೆಗೆ ತೂಗಾಡ್ತಾ ಇರುತ್ತೆ. ಬೈಕ್ ಮನೆಗೆ ಬಂದ ಲಕ್ಷ್ಮಿ, ಹೆಲ್ಮೆಟ್ ಪೊಲೀಸರಿಗೆ ತೋರಿಸೋ ಕಾಗದ.

ಇದು ಹೀಗೇ ಯಾಕಾಯ್ತು?

ನಮ್ಮ ಮನೆಯ ಕತೆಯನ್ನೇ ಹಿಡಿದು ಹೋಗ್ತೀನಿ. ತಾತ ಸಿರುಗುಪ್ಪದವರು, ಅಪ್ಪ ಕುರುಗೋಡಿನಲ್ಲಿ ನೆಲೆಸಿದವರು, ನಾನು ಬಳ್ಳಾರಿ ಸೇರಿದವನು. ಮೂರು ತಲೆಮಾರು, ಮೂರು ಮೊದಲ ಬೈಕ್, ಮೂರು ಬೇರೆ ಬೇರೆ ಪ್ರಶ್ನೆ.

ತಾತನ ಕಾಲದ ಪ್ರಶ್ನೆ, "ಸಿಗತೈತೇನು?"

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ದಿನ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದ್ವು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ಕಾಲಕ್ಕೆ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬಿತ್ತು. ಸಿರುಗುಪ್ಪದ ಕಪ್ಪು ಮಣ್ಣಿನಲ್ಲಿ ಭತ್ತ ಬಂತು, ಕ್ಯಾಂಪುಗಳು ಬಂದ್ವು, ಅಕ್ಕಿ ಗಿರಣಿಗಳು ಬಂದ್ವು. ಭತ್ತದ ದುಡ್ಡಿನ ಹಿಂದೆ ಬಂದದ್ದು ಮೋಟಾರ್ ಸೈಕಲ್.

ಆದರೆ ದುಡ್ಡಿದ್ರೂ ಆರಿಸೋಕೆ ಏನಿತ್ತು? ಸ್ವಾತಂತ್ರ್ಯದ ನಂತರ ಹೊರಗಿನ ಗಾಡಿ ತರಿಸೋದಕ್ಕೆ ಸರ್ಕಾರ ಕಡಿವಾಣ ಹಾಕಿತ್ತು. ಕಾರ್ಖಾನೆ ಎಷ್ಟು ಗಾಡಿ ಮಾಡಬೇಕು ಅನ್ನೋದೂ ಲೈಸೆನ್ಸಿನ ಮೇಲೆ. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಬುಲೆಟ್ ಮೊದಲು ಬಂದದ್ದೇ ಸೈನ್ಯಕ್ಕೆ, ಪೊಲೀಸಿಗೆ. 1962ರಿಂದ ಎಸ್ಕಾರ್ಟ್ಸ್ ಕಂಪನಿಯ ರಾಜದೂತ್.

ನಮ್ಮ ರಾಜ್ಯದ್ದೇ ಆದ ಗಾಡಿ ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ, 250 ಸಿಸಿ ಟೂ-ಸ್ಟ್ರೋಕ್ ಎಂಜಿನ್. 1961ರಲ್ಲಿ ಗಾಡಿ ಹೊರಬಂತು. ಕಾರ್ಖಾನೆ ಉದ್ಘಾಟಿಸಿದ್ದು ಜಯಚಾಮರಾಜೇಂದ್ರ ಒಡೆಯರ್. 1973ರಿಂದ ಅದೇ ಗಾಡಿ ಯೆಜ್ದಿ ಅನ್ನೋ ಹೆಸರಲ್ಲಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಇವತ್ತಿನ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದ್ರೆ ಸಿರುಗುಪ್ಪದಿಂದ ಬಳ್ಳಾರಿ, ಹಿರಿಯೂರು ದಾಟಿ ನೇರ ಮೈಸೂರಿಗೇ ಹೋಗಬಹುದು. ತಾತನ ಗಾಡಿ ಬಂದದ್ದು ಆ ತುದಿಯಿಂದ ಈ ತುದಿಗೆ.

ತಾತ ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಜಾವಾ. ಕಿಕ್ ಹೊಡೆಯೋ ರಾಡನ್ನೇ ಮುಂದಕ್ಕೆ ಹೊರಳಿಸಿದ್ರೆ ಗೇರ್ ಲಿವರ್ ಆಗುತ್ತೆ, ಅದನ್ನ ತೋರಿಸೋದೇ ಅವರಿಗೆ ಒಂದು ಸಂಭ್ರಮ. ಯಾಕೆ ಜಾವಾ ತಗೊಂಡ್ರಿ ಅಂತ ಕೇಳಿದ್ರೆ ಅವರ ಉತ್ತರ ಒಂದೇ, "ಅದು ಸಿಕ್ತು, ಅದಕ್ಕ." ಆ ಕಾಲದಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ಹತ್ತು ವರ್ಷದವರೆಗೂ ಕಾದವರಿದ್ರು. ಸಿಕ್ಕಿದ್ದೇ ಭಾಗ್ಯ ಅಂದ್ಮೇಲೆ ಬ್ರೇಕ್ ಹೇಗಿದೆ, ಟೈರ್ ಹೇಗಿದೆ ಅಂತ ಯಾರು ಕೇಳ್ತಾರೆ? ಹೆಲ್ಮೆಟ್? ತಲೆಗೆ ಟವೆಲ್. ಬಿಸಿಲಿಗೂ ಅದೇ, ಧೂಳಿಗೂ ಅದೇ.

ಅಪ್ಪನ ಕಾಲದ ಪ್ರಶ್ನೆ, "ಲೀಟರಿಗೆ ಎಷ್ಟು ಕೊಡತೈತಿ?"

1980ರ ದಶಕದಲ್ಲಿ ಸರ್ಕಾರ ಸಣ್ಣ ಗಾಡಿಗಳಿಗೆ ವಿದೇಶಿ ಕಂಪನಿಗಳ ಜೊತೆ ಕೈ ಜೋಡಿಸಲು ಬಿಟ್ಟಿತು. ಎರಡು ಮೂರು ವರ್ಷದಲ್ಲಿ ಜಪಾನಿನ ನಾಲ್ಕೂ ಹೆಸರು ಬಂದ್ವು. 1984ರಲ್ಲಿ ಟಿವಿಎಸ್ ಜೊತೆ ಸುಜುಕಿ, 1985ರಲ್ಲಿ ಹೀರೋ ಜೊತೆ ಹೋಂಡಾ, ಅದೇ ವರ್ಷ ಎಸ್ಕಾರ್ಟ್ಸ್ ಜೊತೆ ಯಮಹಾ, 1986ರಲ್ಲಿ ಬಜಾಜ್ ಜೊತೆ ಕವಾಸಕಿ. ಇವುಗಳಲ್ಲಿ ಮೂರು ಟೂ-ಸ್ಟ್ರೋಕ್. ಹೀರೋ ಹೋಂಡಾ ಸಿಡಿ 100 ಮಾತ್ರ ಫೋರ್-ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸೋ ಕೆಲಸ ಇಲ್ಲ, ಹೊಗೆ ಕಮ್ಮಿ, ಕುಡಿಯೋದೂ ಕಮ್ಮಿ. 'ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್' ಅನ್ನೋ ಜಾಹೀರಾತು ಇಂಗ್ಲಿಷ್ ಬರದವರ ಬಾಯಲ್ಲೂ ಬಂತು. ತುಂಬಿಸು, ಮುಚ್ಚು, ಮರೆತುಬಿಡು.

ಅಪ್ಪ ತೊಂಬತ್ತರ ಆಸುಪಾಸು ಸಿಡಿ 100 ತಗೊಂಡ್ರು. ಆರಿಸಿದ್ದಕ್ಕೆ ಕಾರಣ ಕೇಳಿದ್ರೆ ಇವತ್ತಿಗೂ ಮೈಲೇಜ್ ಲೆಕ್ಕ ಹೇಳ್ತಾರೆ. ತಪ್ಪೇನಿಲ್ಲ. ಸಂಬಳದ ಮನೆ, ಗೊಬ್ಬರದ ಅಂಗಡಿಯ ಗುಮಾಸ್ತಿಕೆ, ತಿಂಗಳ ಕೊನೆಗೆ ಪೆಟ್ರೋಲ್ ದುಡ್ಡು ಉಳಿಯಬೇಕು. ಮನೆಗೆ ಬಂದವರೂ ಮೊದಲು ಕೇಳಿದ್ದು ಅದನ್ನೇ. ಆದರೆ ಒಂದು ಗಮನಿಸಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಎಷ್ಟು ದೂರ ಹೋಗಬಹುದು ಅನ್ನೋದನ್ನ ಇಡೀ ದೇಶ ದಶಾಂಶದವರೆಗೆ ಲೆಕ್ಕ ಹಾಕಲು ಕಲೀತು. 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ್ರೆ ಎಷ್ಟು ದೂರದಲ್ಲಿ ಗಾಡಿ ನಿಲ್ಲುತ್ತೆ ಅನ್ನೋದನ್ನ ಯಾರೂ ಯಾರಿಗೂ ಕೇಳಲಿಲ್ಲ.

ನನ್ನ ಕಾಲದ ಪ್ರಶ್ನೆ, "ಪಿಕಪ್ ಹೆಂಗೈತಿ?"

ಈ ಪ್ರಶ್ನೆಯ ಬೀಜ ಯಮಹಾ ಆರ್‌ಎಕ್ಸ್ 100ರಲ್ಲೇ ಇತ್ತು. ಹಗುರ ಗಾಡಿ, 11 ಅಶ್ವಶಕ್ತಿ. 1996ರಲ್ಲಿ ನಿಂತ್ರೂ ಬಳ್ಳಾರಿ ಹುಡುಗರು ಇವತ್ತಿಗೂ ಅದರ ಸದ್ದಿಗೆ ತಿರುಗಿ ನೋಡ್ತಾರೆ. 2001ರಲ್ಲಿ ಬಜಾಜ್ ಪಲ್ಸರ್ ಬಂತು, 150 ಮತ್ತು 180 ಸಿಸಿ. 'ಡೆಫಿನಿಟ್ಲಿ ಮೇಲ್' ಅಂತ ಅದರ ಜಾಹೀರಾತು. ಬೈಕ್ ಅಂದ್ರೆ ಗಂಡಸುತನ ಅನ್ನೋದನ್ನ ಅಷ್ಟು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಿರಬೇಕು. ಗಂಡಸುತನದ ಜೊತೆ ಹೆಲ್ಮೆಟ್ ಕೂರಲ್ಲ, ಹೆಲ್ಮೆಟ್ ಹಾಕಿದವನು ಹೆದರುಪುಕ್ಕ. ಕಾಲೇಜಿನ ಗೇಟಿನಲ್ಲಿ ಇದನ್ನ ನಾನೇ ಅಂದಿದ್ದೀನಿ, ಒಪ್ಕೋತೀನಿ.

ಅದೇ ಹೊತ್ತಿಗೆ ನಮ್ಮ ಜಿಲ್ಲೆಗೆ ಗಣಿ ದುಡ್ಡು ಬಂತು. ಅದಿರಿನ ಲಾರಿಗಳು ಸಾಲುಸಾಲಾಗಿ ರಸ್ತೆ ತುಂಬಿದ್ವು, ಕೆಂಪು ಧೂಳು, ಗುಂಡಿ ಬಿದ್ದ ಹೆದ್ದಾರಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸೋ ತನಕ ಆ ಲಾರಿಗಳ ಮಧ್ಯೆ ಹೆಚ್ಚು ವೇಗದ ಬೈಕುಗಳು ನುಸುಳ್ತಾ ಇದ್ವು. ಗಾಡಿ ಬದಲಾಯ್ತು, ವೇಗ ಬದಲಾಯ್ತು, ತಲೆ ಮೇಲಿದ್ದದ್ದು ಮಾತ್ರ ತಾತನ ಟವೆಲ್ಲಿಗಿಂತ ಕಮ್ಮಿ. ಏನೂ ಇರಲಿಲ್ಲ.

ಸಿಗುತ್ತಾ, ಎಷ್ಟು ಕೊಡುತ್ತೆ, ಪಿಕಪ್ ಹೇಗಿದೆ. ಈ ಮೂರು ಪ್ರಶ್ನೆ ಆಸೆಯಿಂದ ಹುಟ್ಟಿದ್ದು. ಇಲ್ಲದ ನಾಲ್ಕನೇ ಪ್ರಶ್ನೆ, ಬಿದ್ದರೆ ಏನು? ಅದನ್ನ ನಾವು ಕೇಳಲಿಲ್ಲ. ನಮ್ಮ ಪರವಾಗಿ ಬೇರೆಯವರು ಕೇಳಿ, ಉತ್ತರವನ್ನ ಆದೇಶದ ರೂಪದಲ್ಲಿ ಕಳಿಸಿದ್ರು. ಈಗ ಆ ಕತೆ. ಅದಕ್ಕೆ ಸ್ವಲ್ಪ ದೂರ, ಇಂಗ್ಲೆಂಡಿಗೆ ಹೋಗಬೇಕು.

1935ರ ಮೇ ತಿಂಗಳು. 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾದ ಟಿ. ಇ. ಲಾರೆನ್ಸ್ ತನ್ನ ಬ್ರೌ ಸುಪೀರಿಯರ್ ಬೈಕಿನಲ್ಲಿ ಹೋಗ್ತಾ ಇದ್ದ. ಸೈಕಲ್ಲಿನಲ್ಲಿ ಹೋಗ್ತಿದ್ದ ಇಬ್ಬರು ಹುಡುಗರನ್ನ ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟು. ಆರು ದಿನ ಪ್ರಜ್ಞೆ ಇಲ್ಲದೆ ಮಲಗಿ ಸತ್ತ. ಅವನನ್ನ ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನೋ ಆಸ್ಟ್ರೇಲಿಯಾದ ನರಶಸ್ತ್ರ ತಜ್ಞನೂ ಇದ್ದ. ಅವನಿಗೆ ಈ ಸಾವು ತಲೆಯಿಂದ ಹೋಗಲಿಲ್ಲ.

ಎರಡನೇ ಮಹಾಯುದ್ಧ ಶುರುವಾದಾಗ ಸೈನ್ಯದಲ್ಲಿ ಸಂದೇಶ ಒಯ್ಯೋ ಹುಡುಗರೆಲ್ಲಾ ಬೈಕಿನಲ್ಲಿ. 1941ರ ಅಕ್ಟೋಬರಿನಲ್ಲಿ ಕೇರ್ನ್ಸ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದ. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂದೆ ಕೂತವರು 2,279 ಜನ, ಹೆಚ್ಚಿನವರಿಗೆ ತಲೆ ಪೆಟ್ಟು. ಹೆಲ್ಮೆಟ್ ಹಾಕಿ ಬಿದ್ದವರು ಅವನಿಗೆ ಸಿಕ್ಕಿದ್ದು ಬರೀ ಏಳು ಜನ. ಆದರೆ ಆ ಏಳೂ ಜನರ ಮಿದುಳಿಗೆ ಆದ ಪೆಟ್ಟು ಸಣ್ಣದು. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಅಂದ್ರೆ ಹೆಲ್ಮೆಟ್ ದೊಡ್ಡ ಮಟ್ಟದಲ್ಲಿ ಜನರ ತಲೆ ಮೇಲೆ ಕೂತಿದ್ದೇ ಸೈನ್ಯದ ಆದೇಶದಿಂದ. ಬ್ರಿಟನ್ನಿನ ಸಾಮಾನ್ಯ ಜನರಿಗೆ ಆ ಕಾನೂನು ಬರೋಕೆ 1973 ಆಯ್ತು. ಮೂವತ್ತೆರಡು ವರ್ಷ! ಹಾಗಾಗಿ ನಾವೊಬ್ಬರೇ ಹಠಮಾರಿಗಳು ಅಂತ ಅಂದ್ಕೋಬೇಡಿ.

ಇನ್ನೊಂದು ತಿರುವು ಅಮೆರಿಕದಲ್ಲಿ. ಹಳೇ ಹೆಲ್ಮೆಟ್ ಅಂದ್ರೆ ಗಟ್ಟಿ ಚಿಪ್ಪು, ಒಳಗೆ ಪಟ್ಟಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೊಂಬಾರ್ಡ್ ಮತ್ತು ರಾತ್ ಅನ್ನೋರು ಚಿಪ್ಪಿನ ಒಳಗೆ ಪುಡಿಯಾಗೋ ಒಂದು ಪದರ ಇಟ್ರು, 1953ರಲ್ಲಿ ಪೇಟೆಂಟ್ ಸಿಕ್ತು. ಬಳ್ಳಾರಿ ಮೈಸೂರಿಗೆ ಸೇರಿದ ವರ್ಷವೇ. ಇವತ್ತಿನ ಎಲ್ಲಾ ಹೆಲ್ಮೆಟ್ಟಿನ ಮೂಲ ಅದು. ಕೆಲಸ ಹೀಗೆ. ಹೊರಗಿನ ಚಿಪ್ಪು ಪೆಟ್ಟನ್ನ ಹರಡುತ್ತೆ. ಒಳಗಿನ ಗಟ್ಟಿ ಥರ್ಮಾಕೋಲ್ ಜಜ್ಜಿಹೋಗಿ ತಲೆ ನಿಲ್ಲೋಕೆ ಒಂದೆರಡು ಸೆಂಟಿಮೀಟರ್ ಜಾಗ, ಕೆಲವು ಮಿಲಿಸೆಕೆಂಡ್ ಸಮಯ ಕೊಡುತ್ತೆ. ಆ ಥರ್ಮಾಕೋಲ್ ಒಮ್ಮೆ ಜಜ್ಜಿದ್ರೆ ಮುಗೀತು, ಮತ್ತೆ ಉಬ್ಬಲ್ಲ. ಒಂದು ದೊಡ್ಡ ಬೀಳುವಿಕೆಗೆ ಒಂದು ಹೆಲ್ಮೆಟ್ ಅಂತ ಹೇಳೋದು ಅದಕ್ಕೇ. ಥರ್ಮಾಕೋಲ್ ಇಲ್ಲದ ಹೆಲ್ಮೆಟ್ ಬರೀ ಟೋಪಿ.

ಇನ್ನು ನಮ್ಮ ದೇಶ. 1939ರ ಮೋಟಾರು ವಾಹನ ಕಾಯ್ದೆಗೆ 1977ರ ತಿದ್ದುಪಡಿಯಲ್ಲಿ 85ಎ ಅನ್ನೋ ಕಲಮು ಸೇರಿತು, ಹೆಲ್ಮೆಟ್ ಹಾಕಬೇಕು ಅಂತ. ಪಕ್ಕದ ಆಂಧ್ರದಲ್ಲಿ ಹೈದರಾಬಾದಿನ ಪೊಲೀಸರು ಅದನ್ನ ಜಾರಿ ಮಾಡಲು ಹೋದಾಗ ಒಬ್ಬ ಸವಾರ ಕೋರ್ಟಿಗೆ ಹೋದ. ಹೆಲ್ಮೆಟ್ ಕಡ್ಡಾಯ ಮಾಡೋದು ನನ್ನ ಓಡಾಟದ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ವಾದ. ಅಜಯ್ ಕಾನು ಪ್ರಕರಣ ಅಂತಲೇ ಅದಕ್ಕೆ ಹೆಸರು. 1988ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಈ ನಿಯಮ ಇರೋದು ಸವಾರನ ಜೀವ ಉಳಿಸೋಕೆ, ಓಡಾಟ ತಡೆಯೋಕಲ್ಲ ಅನ್ನೋದು ತೀರ್ಪಿನ ತಾತ್ಪರ್ಯ.

ಅದೇ ವರ್ಷದ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಗೆ ಬಂತು. ಅದರ 129ನೇ ಕಲಮು ಓಡಿಸೋರಿಗೂ ಹಿಂದೆ ಕೂತೋರಿಗೂ ಹೆಲ್ಮೆಟ್ ಅಂತ ಹೇಳುತ್ತೆ. ಕಾಗದದ ಮೇಲೆ. ಬೆಂಗಳೂರಿನಲ್ಲಿ ಸವಾರರಿಗೆ ಬಿಗಿಯಾಗಿ ಜಾರಿ ಆಗಿದ್ದು 2006ರಲ್ಲಿ. ಹಿಂಬದಿ ಸವಾರರಿಗೆ ರಾಜ್ಯದಲ್ಲಿ ಕಡ್ಡಾಯ ಆಗಿದ್ದು 2016ರ ಜನವರಿಯಲ್ಲಿ.

ಇಲ್ಲೊಂದು ಮಾತು ಹೇಳಲೇಬೇಕು. 1989ರ ಕೇಂದ್ರ ನಿಯಮಗಳಲ್ಲಿ ಹಿಂದೆ ಕೂರೋರಿಗೆ ಹಿಡಿಕೆ ಇರಬೇಕು, ಹಿಂದಿನ ಚಕ್ರದ ಅರ್ಧವಾದ್ರೂ ಮುಚ್ಚೋ ರಕ್ಷಣೆ ಇರಬೇಕು ಅಂತ ಇದೆ. ನಾವು ಸೀರೆ ಗಾರ್ಡ್ ಅಂತ ಕರೀತೀವಲ್ಲ, ಅದು. ಅಮ್ಮನ ಸೀರೆಗೆ ರಕ್ಷಣೆ ಪ್ರತಿ ಗಾಡಿಗೂ ಕಂಪನಿಯಿಂದಲೇ ಬಂತು. ಅಮ್ಮನ ತಲೆಗೆ ರಕ್ಷಣೆ ನಮ್ಮ ಕಡೆ ಇನ್ನೂ ಪೂರ್ತಿ ಬಂದಿಲ್ಲ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ ದ್ವಿಚಕ್ರ ಸವಾರರು 50,029 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಅದರಲ್ಲಿ 14,337 ಜನ ಹಿಂದೆ ಕೂತವರು. ಆ ಸೀಟಿನಲ್ಲಿ ಹೆಚ್ಚಾಗಿ ಯಾರು ಕೂರ್ತಾರೆ ಅಂತ ನಾನು ಹೇಳಬೇಕಿಲ್ಲ.

ಈಗ ನನ್ನ ಸ್ವಂತ ಕತೆ. 2018ರಲ್ಲಿ ನಾನು ಮೊದಲ ಬೈಕ್ ತಗೊಂಡೆ, 150 ಸಿಸಿ. ಹೆಲ್ಮೆಟ್ ತಗೊಂಡಿದ್ದು ರಸ್ತೆ ಬದಿಯ ರಾಶಿಯಲ್ಲಿ, 400 ರೂಪಾಯಿ, ಮೇಲೆ ಐಎಸ್ಐ ಸ್ಟಿಕ್ಕರ್. ಊರೊಳಗೆ ಪೊಲೀಸರು ಕಂಡ್ರೆ ತಲೆಗೆ, ಊರು ದಾಟಿದ್ರೆ ಮೊಣಕೈಗೆ. ಈ ಪದ್ಧತಿ ನಿಮಗೆಲ್ಲಾ ಗೊತ್ತಿದ್ದದ್ದೇ.

2019ರ ನವೆಂಬರ್ ಕೊನೆ, ಸಿರುಗುಪ್ಪದಲ್ಲಿ ತಾತನನ್ನ ನೋಡಿ ವಾಪಸ್ ಬರ್ತಾ ಇದ್ದೆ. ಭತ್ತದ ಕೊಯ್ಲಿನ ಕಾಲ. ನಮ್ಮ ಕಡೆ ಆ ದಿನಗಳಲ್ಲಿ ರಸ್ತೆ ಅಂದ್ರೆ ಅರ್ಧ ಕಣ. ಡಾಂಬರಿನ ಮೇಲೆ ಭತ್ತ ಹರವಿರ್ತಾರೆ, ಅಂಚಿಗೆ ಕಲ್ಲು ಇಟ್ಟಿರ್ತಾರೆ. ರೈತರನ್ನ ಬೈಯಲ್ಲ ನಾನು, ಒಣಗಿಸೋಕೆ ಅವರಿಗೆ ಬೇರೆ ಜಾಗ ಎಲ್ಲಿದೆ? ತೆಕ್ಕಲಕೋಟೆ ದಾಟಿದ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂತು, ನಾನು ಎಡಕ್ಕೆ ಸರಿದೆ, ಮುಂದಿನ ಚಕ್ರ ಭತ್ತದ ಮೇಲೆ ಹತ್ತಿತು, ಅಲ್ಲೇ ಬ್ರೇಕ್ ಹಿಡಿದೆ. ಭತ್ತದ ಕಾಳಿನ ಮೇಲೆ ಬ್ರೇಕ್ ಹಿಡಿಯೋದು ಗೋಲಿ ಮೇಲೆ ನಿಂತ ಹಾಗೆ. ವೇಗ ನಲವತ್ತು ಇರಬೇಕು, ಅಷ್ಟೇ.

ಹೆಲ್ಮೆಟ್ ಮೊಣಕೈಯಲ್ಲಿತ್ತು. ಮೊಣಕೈಯನ್ನೂ ಅದು ಉಳಿಸಲಿಲ್ಲ, ಮೂಳೆ ಬಿರುಕು ಬಿಟ್ಟಿತು. ಕಿವಿಯ ಮೇಲೆ ಏಳು ಹೊಲಿಗೆ. ಹಾಕಿದ್ದು ಬಳ್ಳಾರಿ ಜೀನ್ಸ್, ನಮ್ಮೂರಿನಲ್ಲೇ ಹೊಲಿದದ್ದು, ಹೊಸದು. ಬಲ ಮೊಣಕಾಲಿನ ಹತ್ತಿರ ಬಟ್ಟೆಯೂ ಇಲ್ಲ, ಚರ್ಮವೂ ಇಲ್ಲ. ಬಿದ್ದದ್ದರಿಂದ ಹಿಡಿದು ಸುಮಾರು ಎರಡು ಗಂಟೆ ಏನಾಯ್ತು ಅನ್ನೋದು ನನಗೆ ಇವತ್ತಿಗೂ ನೆನಪಿಲ್ಲ. ಯಾರೋ ಎತ್ತಿ ನೀರು ಕೊಟ್ಟು ಟಂಟಂನಲ್ಲಿ ಕೂರಿಸಿದ್ರಂತೆ. ಅವರು ಯಾರು ಅಂತ ಗೊತ್ತಿಲ್ಲ. ಈ ಸಂಚಿಕೆ ಕೇಳ್ತಿದ್ರೆ, ನಮಸ್ಕಾರ.

ಮನೆಗೆ ಬಂದ ಮೇಲೆ ಅಪ್ಪ ಆ ಹೆಲ್ಮೆಟ್ ತಂದು ಮಂಚದ ಮೇಲೆ ಇಟ್ರು. ಎರಡು ಹೋಳು. ಒಳಗೆ ಥರ್ಮಾಕೋಲ್ ಇರಲೇ ಇಲ್ಲ, ತೆಳುವಾದ ಸ್ಪಂಜು, ಅದಕ್ಕೆ ಬಟ್ಟೆ ಅಂಟಿಸಿದ್ದು. ತಲೆಗೆ ಹಾಕಿದ್ರೂ ಏನಾಗ್ತಿತ್ತು ಅಂತ ಆಗ ಗೊತ್ತಾಯ್ತು. ನಾನು 400 ರೂಪಾಯಿಗೆ ಕೊಂಡದ್ದು ರಕ್ಷಣೆಯಲ್ಲ, 500 ರೂಪಾಯಿ ದಂಡದಿಂದ ವಿನಾಯಿತಿ. ಆಸ್ಪತ್ರೆ, ಔಷಧಿ, ಗಾಡಿ ರಿಪೇರಿ ಸೇರಿ 46,000 ರೂಪಾಯಿ ಆಯ್ತು. ಆವಾಗಿನಿಂದ ಹೆಲ್ಮೆಟ್ಟನ್ನ ಖರ್ಚಿನ ಕಾಲಂನಲ್ಲಿ ಬರೆಯೋದು ಬಿಟ್ಟೆ. ಬೈಕ್ ಶೋರೂಮ್ ದಾಟಿದ ದಿನದಿಂದ ಸವಕಳಿ ಆಗ್ತಾ ಹೋಗುತ್ತೆ. ತಲೆಗೆ ಸವಕಳಿ ಲೆಕ್ಕ ಇಲ್ಲ.

2021ರ ಜೂನ್ 1ರಿಂದ ದೇಶದಲ್ಲಿ ಬಿಐಎಸ್ ಪ್ರಮಾಣ ಇಲ್ಲದ ದ್ವಿಚಕ್ರ ಹೆಲ್ಮೆಟ್ ಮಾಡೋದು, ಮಾರೋದು ಎರಡೂ ತಪ್ಪು. ಆದ್ರೂ ರಸ್ತೆ ಬದಿಯ ರಾಶಿ ಹಾಗೇ ಇದೆ. ಯಾಕೆ ಅಂದ್ರೆ ನಮ್ಮ ಪ್ರಶ್ನೆ ಬದಲಾಗಿಲ್ಲ. ದಂಡ ತಪ್ಪಿಸೋದೇ ಉದ್ದೇಶ ಆದ್ರೆ ಅತಿ ಅಗ್ಗದ ಹೆಲ್ಮೆಟ್ಟೇ ಸರಿಯಾದ ಹೆಲ್ಮೆಟ್, ಮಾರುಕಟ್ಟೆ ತರ್ಕ ಅಷ್ಟೇ. ಆದೇಶದಿಂದ ಬಂದದ್ದನ್ನ ನಾವು ಆದೇಶಕ್ಕೆ ಎಷ್ಟು ಬೇಕೋ ಅಷ್ಟೇ ಪಾಲಿಸ್ತೀವಿ.

ಹಾಗಾದ್ರೆ ತಮ್ಮನ 1,20,000?

ಮೊದಲು ಅವನಿಗೆ ಆ ಮೂರು ಪ್ರಶ್ನೆ ಬಿಟ್ಟು ನಾಲ್ಕನೇದನ್ನ ಕೇಳ್ಕೋ ಅಂದೆ. ಎಲ್ಲಿ ಬೀಳ್ತೀಯ? ಕುರುಗೋಡು, ಕೋಳೂರು, ಬಳ್ಳಾರಿ. ಭತ್ತ, ಟ್ರ್ಯಾಕ್ಟರ್, ದೀಪ ಇಲ್ಲದ ಎತ್ತಿನ ಗಾಡಿ, ನಾಯಿ. ಎಷ್ಟು ವೇಗದಲ್ಲಿ? ಐವತ್ತು, ಅರವತ್ತು. ಅರವತ್ತರಲ್ಲಿ ಬಿದ್ದವನು ಡಾಂಬರಿನ ಮೇಲೆ ಎರಡು ಮೂರು ಸೆಕೆಂಡ್ ಜಾರ್ತಾನೆ. ಸಾದಾ ಜೀನ್ಸ್ ಅದರಲ್ಲಿ ಒಂದು ಸೆಕೆಂಡೂ ತಡೆಯೋದು ಕಷ್ಟ, ಅದರಲ್ಲೂ ಈಗಿನ ಸ್ಟ್ರೆಚ್ ಜೀನ್ಸ್ ಕೇಳಲೇಬೇಡಿ. ನಮ್ಮೂರ ಜೀನ್ಸ್ ಮೇಲೆ ನನಗೆ ಅಭಿಮಾನ ಇದೆ, ಆದರೆ ಅದು ಹೊಲಿದದ್ದು ನಡೆಯೋಕೆ, ಜಾರೋಕಲ್ಲ.

ಗಾಡಿ ವಿಷಯ. ಅವನ ಕಣ್ಣು 160 ಸಿಸಿ ಮೇಲೆ, ಉಳಿದದ್ದು ಸಾಲ. ಇಲ್ಲಿ ನನಗೂ ಉತ್ತರ ಸಲೀಸಲ್ಲ, ನಿಜ ಹೇಳ್ತೀನಿ. 2019ರ ಏಪ್ರಿಲಿನಿಂದ 125 ಸಿಸಿ ದಾಟಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯ, ಅದರ ಕೆಳಗಿನವಕ್ಕೆ ಆ ನಿಯಮದಲ್ಲಿ ಸಿಬಿಎಸ್ ಇದ್ರೆ ಸಾಕು. ಸಿಬಿಎಸ್ ಒಂದು ಬ್ರೇಕ್ ಹಿಡಿದ್ರೆ ಎರಡೂ ಚಕ್ರಕ್ಕೆ ಹಂಚುತ್ತೆ. ಎಬಿಎಸ್ ಚಕ್ರ ಕಟ್ಟಿಹೋಗದ ಹಾಗೆ ನೋಡುತ್ತೆ. ನಾನು ಬಿದ್ದಂಥ ಕಡೆ ಎಬಿಎಸ್ ನಿಜವಾಗಿ ಲಾಭ. ಆದರೆ ಸಾಲ ಮಾಡಿ 160 ತಗೊಂಡ್ರೆ ಗೇರಿಗೆ ಒಂದು ಪೈಸೆ ಉಳಿಯಲ್ಲ, ಕೈಗೆ ಹೆಚ್ಚು ವೇಗ ಬೇರೆ ಸಿಗುತ್ತೆ. ಹೊಸಬನಿಗೆ ಎರಡೂ ಕಾಲು ನೆಲಕ್ಕೆ ಸರಿಯಾಗಿ ಮುಟ್ಟಬೇಕು, ಬಿದ್ದ ಗಾಡಿಯನ್ನ ತಾನೇ ಎತ್ತಬೇಕು. ಕೊನೆಗೆ ಮುಂದೆ ಡಿಸ್ಕ್ ಬ್ರೇಕ್ ಇರೋ 125 ಅಂತ ತೀರ್ಮಾನ ಆಯ್ತು. ಇದನ್ನ ಒಪ್ಪದವರು ನಿಮ್ಮಲ್ಲಿ ಇರ್ತೀರಿ, ನಿಮ್ಮ ವಾದದಲ್ಲೂ ಹುರುಳಿದೆ.

ಲೆಕ್ಕ ಹೀಗೆ. ಗಾಡಿ ಆನ್‌ರೋಡ್ 1,05,000. ಇದರಲ್ಲಿ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಬರುತ್ತೆ, 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರಕ್ಕೆ ಅದು ಕಡ್ಡಾಯ. ಅವನಿಗೆ ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ 3,000. ಹಿಂದೆ ಕೂರೋ ಚಿಕ್ಕಮ್ಮನಿಗೆ ಇನ್ನೊಂದು, 2,000. ಮೊಣಕೈ, ಭುಜ, ಬೆನ್ನಿಗೆ ಪ್ಯಾಡ್ ಇರೋ ಜಾಲರಿ ಜಾಕೆಟ್ 5,000. ಕೈಗವಸು 1,200, ಮೊಣಕಾಲು ಗಾರ್ಡ್ 1,300. ಒಟ್ಟು 1,17,500. ಉಳಿದ 2,500 ಪೆಟ್ರೋಲಿಗೆ, ದುರ್ಗಮ್ಮನ ಪೂಜೆಗೆ. ಕಾಲಿಗೆ ಹಿಮ್ಮಡಿ ಗಂಟು ಮುಚ್ಚೋ ಬೂಟು ಅವನ ಎನ್‌ಸಿಸಿ ದಿನಗಳದ್ದು ಮನೇಲೇ ಇತ್ತು.

ಜಾಕೆಟ್ ಅಂದ ಕೂಡಲೇ ನಕ್ಕ. "ಅಣ್ಣಾ, ಬಳ್ಳಾರಿ ಬಿಸಿಲಾಗ?" ನ್ಯಾಯವಾದ ಪ್ರಶ್ನೆ. ತೊಗಲಿನ ಜಾಕೆಟ್ ಚಳಿ ದೇಶದವರು ಮಾಡಿದ್ದು, ಮೇ ತಿಂಗಳಲ್ಲಿ ಇಲ್ಲಿ ಅದನ್ನ ಹಾಕಿದ್ರೆ ಬೀಳೋ ಮುಂಚೆನೇ ಆಸ್ಪತ್ರೆ. ಅದಕ್ಕೇ ಜಾಲರಿ. ಗಾಡಿ ಓಡ್ತಿರೋವಾಗ ಗಾಳಿ ಒಳಗೆ ಹೋಗುತ್ತೆ, ಸಿಗ್ನಲ್ಲಿನಲ್ಲಿ ಬೆವರ್ತೀರಿ, ಅದು ಸುಳ್ಳಲ್ಲ. ಪ್ಯಾಡುಗಳ ಮೇಲೆ ಸಿಇ ಗುರುತು, ಲೆವೆಲ್ 1 ಅಥವಾ ಲೆವೆಲ್ 2 ಅಂತ ಇರಬೇಕು, ಬರೀ ಸ್ಪಂಜು ಸಾಲದು. ಎಲ್ಲಾ ಒಟ್ಟಿಗೆ ಆಗದಿದ್ರೆ ಹೆಲ್ಮೆಟ್ ಮೊದಲು, ಆಮೇಲೆ ಕೈಗವಸು. ಬೀಳುವಾಗ ಎಲ್ಲರೂ ಅಂಗೈ ಊರ್ತೀವಿ.

ಹೆಲ್ಮೆಟ್ ತಗೊಳ್ಳೋಕೆ ಅವನ ಜೊತೆ ನಾನೇ ಹೋದೆ. ಬೆಳಗಾವಿಯಲ್ಲೇ ಹುಟ್ಟಿದ ವೇಗಾ ಇದೆ, ಉತ್ತರ ಭಾರತದ ಸ್ಟಡ್ಸ್, ಸ್ಟೀಲ್‌ಬರ್ಡ್ ಇವೆ. ಹೆಸರಿಗಿಂತ ಅಳತೆ ಮುಖ್ಯ. ಹುಬ್ಬಿನ ಮೇಲೆ ಟೇಪ್ ಸುತ್ತಿ ಅಳತೆ ತಗೋಬೇಕು. ಕೆನ್ನೆ ಸ್ವಲ್ಪ ಒತ್ತಬೇಕು, ತಲೆ ಅಲ್ಲಾಡಿಸಿದ್ರೆ ಹೆಲ್ಮೆಟ್ ಒಂದೇ ಆಲ್ಲಾಡಬಾರದು. ಐಎಸ್ಐ ಗುರುತಿನ ಮೇಲೆ ಐಎಸ್ 4151, ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದ್ರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತೆ. ಒಳಗಿನ ಬಟ್ಟೆ ಎತ್ತಿ ಥರ್ಮಾಕೋಲ್ ಮುಟ್ಟಿ ನೋಡಿ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದ ಕೂಡಲೇ ನಿಮಗಿಂತ ಮುಂದೆ ಹೋಗುತ್ತೆ.

ಒಳ್ಳೆ ಹೆಲ್ಮೆಟ್ ಸಾವಿನ ಸಾಧ್ಯತೆಯನ್ನ ಸುಮಾರು ಶೇ. 42, ತಲೆ ಪೆಟ್ಟನ್ನ ಶೇ. 69 ಇಳಿಸುತ್ತೆ ಅಂತ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿದ ಕಾಕ್ರೇನ್ ವರದಿ ಹೇಳುತ್ತೆ. ನೂರಕ್ಕೆ ನೂರಲ್ಲ. ಹೆಲ್ಮೆಟ್ ಇದ್ರೂ ಭತ್ತದ ಮೇಲೆ ನಿಧಾನ ಹೋಗಬೇಕು. ತಮ್ಮನಿಗೂ ಅದನ್ನೇ ಹೇಳಿದ್ದೀನಿ.

ಹೋದ ಶುಕ್ರವಾರ ಗಾಡಿ ಬಂತು. ದುರ್ಗಮ್ಮನ ಗುಡಿ ಮುಂದೆ ಹಾರ ಹಾಕಿದ್ವಿ, ನಿಂಬೆಹಣ್ಣು ಇಟ್ವಿ. ಚಿಕ್ಕಮ್ಮ ತಾನಾಗೇ ಎರಡೂ ಹೆಲ್ಮೆಟ್ ಸೀಟಿನ ಮೇಲಿಟ್ಟು ಕುಂಕುಮ ಹಚ್ಚಿದ್ರು. ಸಿರುಗುಪ್ಪಕ್ಕೆ ಫೋನ್ ಮಾಡಿ ತಾತನಿಗೆ ಹೇಳಿದ್ವಿ. ತಾತ ಕೇಳಿದ್ದು, "ಲೀಟರಿಗೆ ಎಷ್ಟು ಕೊಡತೈತಿ?"

ನಿಮ್ಮ ಮನೆಯ ಮೊದಲ ಬೈಕ್ ಯಾವುದು, ಅದನ್ನ ಆರಿಸಿದಾಗ ಏನು ಕೇಳಿದ್ರಿ, ನನಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ಪಟ್ಟಿ ಹಾಕ್ಕೊಳ್ಳಿ.